ಮಸ್ಕತ್‌ನಲ್ಲಿ ಒಂದು ನಂಬರ್ ಬಿಡಿಸಿಕೊಂಡದ್ದು

ಶಂಕರಪುರ, ಹೊರಡುವ ಮೊದಲು

ಜನ ವಿದೇಶಕ್ಕೆ ಹೋಗುವುದು ದುಡಿಯಲಿಕ್ಕೆ, ಊರು ನೋಡಲಿಕ್ಕೆ, ಇಲ್ಲವಾದರೆ ಮಗಳ ಬಾಣಂತನಕ್ಕೆ. ನಾವು ಗಂಡ ಹೆಂಡತಿ ಹೋದದ್ದು ಒಂದು ಮೊಬೈಲ್ ಕನೆಕ್ಷನ್ನಿನ ಸಲುವಾಗಿ. ವೀಸಾದ ಅರ್ಜಿ ತುಂಬಿಸುತ್ತಿದ್ದ ಮಣಿಪಾಲದ ಟ್ರಾವೆಲ್ಸ್‌ನವರು "ಉದ್ದೇಶ ಎಂತ ಅಂತ ಬರೆಯುದು?" ಎಂದು ಕೇಳಿದಾಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿ "ಪ್ರವಾಸ" ಎಂದು ಬರೆದರು. ಆದ್ದರಿಂದ ಇದನ್ನು ಪ್ರವಾಸ ಕಥನವೆಂದೇ ಓದಬೇಕು.

ನನ್ನ ಗಂಡ ಸದಾನಂದ ಕಾಪುವಿನವರು. ಮಸ್ಕತ್‌ನಲ್ಲಿ ಎಸಿ ರಿಪೇರಿಯ ಕೆಲಸದಲ್ಲಿದ್ದಾಗ ಬದಿಯಲ್ಲಿ ಮಲ್ಲಿಗೆ ವ್ಯಾಪಾರ ಶುರು ಮಾಡಿದ್ದರು. ಶಂಕರಪುರದ ನಮ್ಮ ಹಿತ್ತಲಿನ ಹೂವನ್ನು ನಾನು ಬಾಳೆನಾರಿನಲ್ಲಿ ಕಟ್ಟುವುದು, ಅದು ವಿಮಾನದಲ್ಲಿ ಹೋಗುವುದು, ಅಲ್ಲಿರುವ ನಮ್ಮ ಕರಾವಳಿಯ ಹೆಂಗಸರು ಇವರ ಮೊಬೈಲಿಗೆ ಫೋನ್ ಮಾಡಿ ತರಿಸಿಕೊಳ್ಳುವುದು. ಮದುವೆ, ಸೀಮಂತ, ಸತ್ಯನಾರಾಯಣ ಪೂಜೆ, ಏನಿದ್ದರೂ ಆ ಒಂದೇ ನಂಬರ್. ಇವರು ಕೆಲಸ ಬಿಟ್ಟು ಊರಿಗೆ ಬರುವಾಗ ಫೋನನ್ನೂ ವ್ಯಾಪಾರವನ್ನೂ ತಂಗಿಯ ಮಗಳು ವನಿತಾಳ ಕೈಗೆ ಕೊಟ್ಟು ಬಂದರು. ಅವಳು ಮದುವೆಯಾಗಿ ಅಲ್ಲೇ ಇದ್ದಾಳೆ. ನಮಗೆ ಮಕ್ಕಳಿಲ್ಲ. ಇದ್ದಿದ್ದರೂ ಇವರು ಅವಳಿಗೇ ಕೊಡುತ್ತಿದ್ದರು. ನಮ್ಮದು ಅಳಿಯಕಟ್ಟು, ಮಾವನದ್ದು ತಂಗಿಯ ಮಕ್ಕಳಿಗೆ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ನಮ್ಮವರ ತಲೆ ಬದಲಾಗಲಿಲ್ಲ. ನಾನು ಇದಕ್ಕೆ ಬೇಸರ ಮಾಡಿಕೊಂಡವಳಲ್ಲ. ನಾನೀಗ ಮಲ್ಲಿಗೆ ಬೆಳೆಯುತ್ತಿರುವುದು ನನ್ನ ಸೋದರಮಾವ ಬಿಟ್ಟುಹೋದ ಹಿತ್ತಲಿನಲ್ಲಿ.

ತೊಂದರೆಯಾದದ್ದು ಕನೆಕ್ಷನ್ ಮಾತ್ರ ಇನ್ನೂ ಇವರ ಹೆಸರಿನಲ್ಲೇ ಇದ್ದುದರಿಂದ. ಇವರು ಆ ದೇಶ ಬಿಟ್ಟದ್ದು ಫೋನ್ ಕಂಪೆನಿಗೆ ತಡವಾಗಿ ಗೊತ್ತಾಯಿತು. ಗೊತ್ತಾದ ಮೇಲೆ ವನಿತಾಳಿಗೆ ಒಂದರ ಹಿಂದೆ ಒಂದು ಮೆಸೇಜ್ ಬಂತು. ಅದರ ಸಾರವನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಇಷ್ಟು: ನೀವು ಈ ದೇಶದಲ್ಲಿ ಇಲ್ಲ, ಆದ್ದರಿಂದ ನಮ್ಮ ಗ್ರಾಹಕರಾಗಿ ಇರುವ ಹಾಗಿಲ್ಲ. ಆದರೆ ಎರಡು ವರ್ಷ ಇರುತ್ತೇವೆ ಎಂದು ಒಪ್ಪಿದ್ದೀರಿ, ಆದ್ದರಿಂದ ಹೋಗುವ ಹಾಗೂ ಇಲ್ಲ. ಹೋದರೆ ದಂಡ. ದಂಡ ಕಟ್ಟಿ ಹೋದಿರಾದರೆ ನಿಮ್ಮ ನಂಬರನ್ನು ಬೇರೆ ಯಾರಿಗೋ ಕೊಡುತ್ತೇವೆ.

ಎರಡು ವರ್ಷದ ಮಾತು ಕೊಟ್ಟವರು ಯಾರು ಎಂದು ನಾನು ವನಿತಾಳನ್ನು ಫೋನಿನಲ್ಲಿ ಕೇಳಿದೆ.

"ಅದು ತನ್ನಷ್ಟಕ್ಕೇ ರಿನ್ಯೂ ಆಗ್ತದಂತೆ ಮಾಮಿ. ಒಂದು ಸ್ಪೀಕರ್ ಫ್ರೀ ಅಂತ ಮನೆಗೆ ಬಂದಿತ್ತಲ್ವಾ, ಅದನ್ನು ತೆಗೊಂಡದ್ದೇ ಒಪ್ಪಿಗೆ ಅಂತೆ."

ದಂಡಕ್ಕಿಂತ ಹೆಚ್ಚಾಗಿ ಅವಳನ್ನು ಹೆದರಿಸಿದ್ದು ನಂಬರ್ ಹೋಗುವುದು. ಮದುವೆಯ ಸೀಸನ್ ಎದುರಿಗಿತ್ತು. ಹೂವು ಬೇಕಾದವರ ಬಾಯಲ್ಲಿ, ಹಳೆಯ ಕ್ಯಾಲೆಂಡರಿನ ಮೂಲೆಯಲ್ಲಿ, ಫ್ರಿಜ್ಜಿನ ಬಾಗಿಲಿನಲ್ಲಿ ಇದ್ದದ್ದು ಆ ನಂಬರ್. ಅದು ಹೋದರೆ ಅವಳ ವ್ಯಾಪಾರ ಹೋಯಿತು, ನನ್ನ ಹೂವು ಹೋಗುವುದೂ ನಿಂತಿತು.

ಇವರು ಸಿಗ್ನಲ್ ಸಿಗುವ ಕಾಂಪೌಂಡಿನ ಮೂಲೆಯಲ್ಲಿ ನಿಂತು ಮಸ್ಕತ್‌ನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರು. ಅರಬ್ಬೀ ಬೇಕಾದರೆ ಒಂದು ಒತ್ತಿ, ಇಂಗ್ಲಿಷ್ ಬೇಕಾದರೆ ಎರಡು ಒತ್ತಿ, ಹೊಸ ಕನೆಕ್ಷನ್ ಬೇಕಾದರೆ ಮೂರು ಒತ್ತಿ. ಬಿಡಬೇಕಾದರೆ ಒತ್ತುವ ಅಂಕಿಯೇ ಇರಲಿಲ್ಲ. ಆಮೇಲೆ ಸಂಗೀತ. ಇವರು ಸಂಗೀತ ಕೇಳಿ ಮುಗಿಸುವಷ್ಟರಲ್ಲಿ ನಾನು ಜಗಲಿಯಲ್ಲಿ ಕುಳಿತು ಒಂದು ಚೆಂಡು ಹೂವು ಕಟ್ಟಿದ್ದೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಆ ವಾರ ಇವರು ಕೇಳಿದ ಸಂಗೀತದಲ್ಲಿ ಒಂದು ಮದುವೆಗೆ ಸಾಕಾಗುವಷ್ಟು ಅಟ್ಟೆ ತಯಾರಾಯಿತು.

ಕೊನೆಗೆ ಇವರು ಕಾರ್ಕಳದ ಪರಿಚಯದ ವಕೀಲರಿಂದ ಒಂದು ಪತ್ರ ಬರೆಸಿದರು. ಅಳಿಯಕಟ್ಟು ಎಂದರೇನು, ತುಳುನಾಡಿನಲ್ಲಿ ಮಾವನ ಸೊತ್ತು ತಂಗಿಯ ಮಕ್ಕಳಿಗೆ ಹೇಗೆ ಸೇರುತ್ತದೆ ಎಂದು ಮಸ್ಕತ್‌ನ ಫೋನ್ ಕಂಪೆನಿಗೆ ಇಂಗ್ಲಿಷಿನಲ್ಲಿ ಪಾಠ ಮಾಡಿದ ಪತ್ರ ಅದು. ಕಂಪೆನಿಯಿಂದ ಒಂದೇ ಸಾಲಿನ ಉತ್ತರ ಬಂತು, ಗ್ರಾಹಕರು ಖುದ್ದಾಗಿ ಬರಬೇಕು ಎಂದು.

"ನಾನೂ ಬರ್ತೇನೆ," ಎಂದೆ ನಾನು. ಇವರು ಅಷ್ಟು ವರ್ಷ ಅಲ್ಲಿದ್ದರೂ ನಾನು ಆ ಊರು ಕಂಡವಳಲ್ಲ. ನನ್ನ ಹೂವು ಎಷ್ಟೋ ಸಲ ಹೋಗಿ ಬಂದಿದೆ, ಅಥವಾ ಹೋಗಿದೆ. ಬರುವುದಿಲ್ಲವಲ್ಲ.

ಹೊರಡುವ ದಿನ ಹೂವಿನ ಕಟ್ಟೆಗೆ ಹೋಗಿ, ಒಂದು ವಾರ ಹೂವು ಇಲ್ಲ ಎಂದು ಹೇಳಿ ಬಂದೆ. ಕಟ್ಟೆ ಎಂದರೆ ನಮ್ಮಲ್ಲಿ ಬೆಳೆದವರಿಂದ ಹೂವು ತೆಗೆದುಕೊಳ್ಳುವ ಜಾಗ. ದಿನಾ ಅಂದಂದಿನ ದರ ತೀರ್ಮಾನವಾಗುತ್ತದೆ. ಅವರಿಗೂ ನನಗೂ ನಡುವೆ ಒಂದು ಸಹಿ ಇಲ್ಲ. ಹೇಳದೆ ನಿಲ್ಲಿಸಿದರೂ ಅವರು ದಂಡ ಹಾಕುವುದಿಲ್ಲ, "ಸುಮತಿಯಕ್ಕ, ಹುಷಾರಿಲ್ವಾ?" ಎಂದು ಕೇಳುತ್ತಾರೆ. ಒಂದು ದಿನ ಬಾಳುವ ಹೂವಿನ ವ್ಯಾಪಾರ ವರ್ಷಾನುಗಟ್ಟಲೆ ಬಾಯಿಮಾತಿನಲ್ಲಿ ನಡೆಯುತ್ತಿದೆ. ಗಾಳಿಯಲ್ಲಿ ಹೋಗುವ ಮಾತಿಗೆ ಮಾತ್ರ ಒಪ್ಪಂದ ಬೇಕು.

ಬಜ್ಪೆ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಕೈಚೀಲ ನಿಂತಿತು. ಬಾಳೆ ಎಲೆಯ ಕಟ್ಟು ಯಂತ್ರದಲ್ಲಿ ಹೇಗೆ ಕಂಡಿತೋ ಗೊತ್ತಿಲ್ಲ. ಉತ್ತರದ ಕಡೆಯ ಒಬ್ಬಳು ಭದ್ರತೆಯ ಹೆಂಗಸು ಬಿಚ್ಚಲು ಹೇಳಿದಳು. ಬಿಚ್ಚಿದೆ. ಪರಿಮಳ ಸುತ್ತಲೂ ಹರಡಿ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇವರು ನನ್ನ ಪರಿಚಯವೇ ಇಲ್ಲದ ಹಾಗೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಬೆಲ್ಟ್ ಹಾಕಿಕೊಳ್ಳುತ್ತ ನಿಂತರು.

ನಾನು ಒಂದು ತುಂಡು ಹೂವು ಕಿತ್ತು ಅವಳಿಗೆ ಕೊಟ್ಟೆ. ಡ್ಯೂಟಿಯಲ್ಲಿ ಮುಡಿಯುವ ಹಾಗಿಲ್ಲ ಎಂದಳು, ಆದರೆ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಳು. ನನ್ನ ವಿದೇಶ ಪ್ರವಾಸದಲ್ಲಿ ಸರಕಾರದ ಜತೆಗಿನ ಎಲ್ಲ ವ್ಯವಹಾರವೂ ಹೀಗೆಯೇ ಇರುತ್ತದೆ ಎಂದು ನಾನು ಭಾವಿಸಿದ್ದೆ. ಸರಕಾರದ ಜತೆ ಹಾಗೆಯೇ ಇದ್ದದ್ದೂ ಹೌದು. ಕಂಪೆನಿಯ ಲೆಕ್ಕವೇ ಬೇರೆ.

ರೂವಿ

ವನಿತಾಳ ಮನೆ ರೂವಿ ಎಂಬ ಪೇಟೆಯಲ್ಲಿ. ಕೆಳಗೆ ಇಳಿದರೆ ನಮ್ಮ ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನ ಆಸುಪಾಸಿನ ಹಾಗೆಯೇ ಅಂಗಡಿಗಳು, ಹಿಂದಿ, ಮಲಯಾಳ, ನಡುವೆ ಎಲ್ಲಿಂದಲೋ ಒಂದು ತುಳು ಮಾತು. ಒಂದೇ ವ್ಯತ್ಯಾಸವೆಂದರೆ ಯಾರೂ ಹಾರ್ನ್ ಹೊಡೆಯುವುದಿಲ್ಲ. ನಾನು ರಸ್ತೆ ದಾಟಲು ಹೆಜ್ಜೆ ಇಟ್ಟರೆ ಕಾರುಗಳು ನಿಂತುಬಿಡುತ್ತಿದ್ದವು. ಅವು ನಿಂತದ್ದು ಕಂಡು ಏನೋ ಅನಾಹುತವಾಗಿದೆ ಎಂದು ನಾನೂ ನಿಲ್ಲುತ್ತಿದ್ದೆ. ಹೀಗೆ ಕಾರೂ ನಾನೂ ಎಷ್ಟೋ ಹೊತ್ತು ನಿಂತದ್ದುಂಟು.

ಅದೇ ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಮನೆಯ ಮಾಲೀಕರ ತಾಯಿ ಇದ್ದಾರೆ. ಒಮಾನಿ ಹಣ್ಣು ಮುದುಕಿ, ವನಿತಾಳ ಹೂವಿನ ಕಾಯಂ ಗಿರಾಕಿ. ಊರಿನಿಂದ ಮಾಮಿ ಬಂದದ್ದು ಗೊತ್ತಾಗಿ ಮೊದಲ ಸಂಜೆಯೇ ಕಾಫಿಗೆ ಕರೆದರು. ಖರ್ಜೂರ, ಮತ್ತೆ ಕಿವಿ ಇಲ್ಲದ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ. ಕೊಟ್ಟದ್ದನ್ನು ಲೋಟದಲ್ಲಿ ಉಳಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ, ನಾನು ಕುಡಿದು ಖಾಲಿ ಮಾಡಿದೆ. ಅವರು ಮತ್ತೆ ಹೊಯ್ದರು. ಮತ್ತೆ ಖಾಲಿ ಮಾಡಿದೆ. ಮತ್ತೆ ಹೊಯ್ದರು. ಅಜ್ಜಿ ನನ್ನನ್ನು ಬಿಡುವುದಿಲ್ಲ, ನಾನು ಅಜ್ಜಿಯನ್ನು ಬಿಡುವುದಿಲ್ಲ. ಎದೆ ಡವಡವ ಹೊಡೆದುಕೊಳ್ಳತೊಡಗಿತು.

"ಮಾಮಿ, ಬಟ್ಟಲು ಅಲ್ಲಾಡಿಸಿ," ಎಂದಳು ವನಿತಾ, ನಗು ತಡೆಯುತ್ತ. "ಹೀಗೆ, ಎರಡು ಸಲ. ಸಾಕು ಅಂತ ಅರ್ಥ."

ಅಲ್ಲಾಡಿಸಿದೆ. ಅಜ್ಜಿ ನಕ್ಕು ಹೂಜಿ ಕೆಳಗಿಟ್ಟರು. ಬೇಸರವಿಲ್ಲ, ಕಾರಣ ಕೇಳಲಿಲ್ಲ, ಇನ್ನೂ ಎರಡು ವರ್ಷ ಕುಡಿಯಬೇಕಿತ್ತಲ್ಲ ಎನ್ನಲಿಲ್ಲ. ಬಿಡುವ ದಾರಿ ಇಷ್ಟು ಸುಲಭವಾಗಿರುವ ದೇಶದಲ್ಲಿ ಕಂಪೆನಿಯೂ ಹಾಗೆಯೇ ಇದ್ದೀತು ಎಂದುಕೊಂಡು ಇಳಿದು ಬಂದೆ.

ಮಾಲ್, ಮೊದಲ ದಿನ

ವನಿತಾ ನಮ್ಮನ್ನು ಕರೆದುಕೊಂಡು ಹೋದ ಕಂಪೆನಿಯ ಮಳಿಗೆ ಒಂದು ದೊಡ್ಡ ಮಾಲಿನಲ್ಲಿತ್ತು. ಒಳಗೆ ಹೊಸ ಕನೆಕ್ಷನ್ ಕೊಡುವ ಮೇಜುಗಳು ಸಾಲಾಗಿ, ಒಂದೊಂದರಲ್ಲೂ ನಗುಮುಖದವರು, ಎದುರಿಗೆ ಚಾಕೊಲೇಟಿನ ಬಟ್ಟಲು. ಬಿಟ್ಟು ಹೋಗುವವರಿಗೆ ಒಂದೇ ಮೇಜು, ಅದೂ ಕಂಬದ ಹಿಂದೆ. ಅಲ್ಲಿ ಚಾಕೊಲೇಟ್ ಇರಲಿಲ್ಲ. ಟೋಕನ್ ಹಿಡಿದು ಕುಳಿತವರ ಮುಖಗಳನ್ನು ನೋಡಿದರೆ ಸಾವಾದ ಮನೆಗೆ ವಿಚಾರಿಸಲು ಬಂದವರ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿದ್ದ ಕೇರಳದ ಒಬ್ಬರು ಮೂರನೇ ಸಲ ಬಂದದ್ದಂತೆ. ಮೊದಲನೇ ಸಲ ಬಂದಾಗ ಬಿಡುವುದರ ಬದಲು ಅವರ ಕೈಗೆ ಇನ್ನೊಂದು ಕನೆಕ್ಷನ್ ಕೊಟ್ಟು ಕಳಿಸಿದ್ದರಂತೆ.

ಮೇಜಿನಲ್ಲಿದ್ದವಳು ಮರಿಯಂ ಎಂಬ ಒಮಾನಿ ಹೆಂಗಸು. ಸೌಮ್ಯ ಮುಖ, ನನಗಿಂತ ಒಳ್ಳೆಯ ಹಿಂದಿ. ನನ್ನ ಹಿಂದಿ ಟೀವಿ ಧಾರಾವಾಹಿಯದ್ದು, ಶಾಪ ಹಾಕಲಿಕ್ಕೂ ಅಳಲಿಕ್ಕೂ ಮಾತ್ರ ಸಾಕಾಗುತ್ತದೆ. ಮಾತು ಇವರೇ ಆಡಿದರು.

"ಈ ನಂಬರನ್ನು ನನ್ನ ಸೊಸೆಯ ಹೆಸರಿಗೆ ಮಾಡಿಕೊಡಿ."

"ಮಗನ ಹೆಂಡತಿಯೋ?"

"ಅಲ್ಲ, ತಂಗಿಯ ಮಗಳು."

ಮರಿಯಂ ಕಂಪ್ಯೂಟರ್ ನೋಡಿದಳು. "ತಂಗಿಯ ಮಗಳು ಸಿಸ್ಟಮ್‌ನಲ್ಲಿ ಇಲ್ಲ. ಹತ್ತಿರದ ಸಂಬಂಧಿಕರು ಮಾತ್ರ."

ಇವರಿಗೆ ರೇಗಿತು. "ಇದಕ್ಕಿಂತ ಹತ್ತಿರದ ಸಂಬಂಧ ಯಾವುದುಂಟು? ಅವಳ ಮದುವೆಗೆ ನಿಂತದ್ದು ನಾನು. ನಾಳೆ ನಾನು ಸತ್ತರೆ ಎಲ್ಲ ಅವಳಿಗೆ."

"ಸತ್ತರೆ ದಂಡವಿಲ್ಲ," ಎಂದಳು ಮರಿಯಂ, ತುಂಬ ಮರ್ಯಾದೆಯಿಂದ. "ಮರಣ ಪತ್ರ ತರಬೇಕು."

"ಗ್ರಾಹಕರು ಖುದ್ದಾಗಿ ಬರಬೇಕಾ?" ಎಂದು ನಾನು ಕೇಳಿದೆ. ವನಿತಾ ನನ್ನ ಕೈ ಹಿಂಡಿದಳು.

ಇವರು ಕಾರ್ಕಳದ ವಕೀಲರ ಪತ್ರ ಬಿಡಿಸಿ ಮೇಜಿನ ಮೇಲೆ ಹರಡಿದರು. ಅಳಿಯಕಟ್ಟನ್ನು ಮೊದಲಿನಿಂದ ವಿವರಿಸಿದರು. ಮರಿಯಂ ಎಲ್ಲವನ್ನೂ ಕೇಳಿದಳು, ಬಹಳ ಚೆನ್ನಾಗಿದೆ ಎಂದಳು, ಸಿಸ್ಟಮ್‌ನಲ್ಲಿ ಇಲ್ಲ ಎಂದಳು. ನಾವು ಏಳುವಾಗ, ಒಪ್ಪಂದವನ್ನು ಇನ್ನೊಂದು ವರ್ಷ ಮುಂದುವರಿಸಿದರೆ ಒಂದು ಕೈಗಡಿಯಾರ ಉಚಿತ ಎಂದೂ ತಿಳಿಸಿದಳು. ಅದನ್ನು ಹೇಳದಿದ್ದರೆ ಅವಳ ಸಿಸ್ಟಮ್ ಅವಳನ್ನೇ ಬೈಯುತ್ತದಂತೆ.

ಮತ್ರಾ

ಸಂಜೆ ವನಿತಾ ನಮ್ಮನ್ನು ಮತ್ರಾ ಎಂಬಲ್ಲಿಗೆ ಕರೆದುಕೊಂಡು ಹೋದಳು. ಕಡಲ ಬದಿಯಲ್ಲಿ ನಡೆಯುವ ಚಂದದ ದಾರಿ, ಅದರ ತುದಿಯಲ್ಲಿ ಮೀನು ಮಾರುಕಟ್ಟೆ. ನಮ್ಮ ಮಲ್ಪೆಯಲ್ಲಿ ಬುಟ್ಟಿಯ ಎದುರು ಕುಳಿತ ಹೆಂಗಸರು ನಮ್ಮನ್ನು ದೂರದಿಂದಲೇ ಕರೆದು, ದರ ಕೇಳಿದರೆ ಬೈದು, ಕೊನೆಗೆ ಎರಡು ಬಂಗುಡೆ ಹೆಚ್ಚು ಹಾಕಿ ಕಳಿಸುತ್ತಾರೆ. ಇಲ್ಲಿ ಗಂಡಸರು, ಬಿಳಿ ನಿಲುವಂಗಿ, ಸದ್ದಿಲ್ಲ. ಅಂಜಲ್ ಮೀನಿನ ದರ ಕೇಳಿ ನಾನು ಬೇಡವೆಂದು ತಲೆ ಅಲ್ಲಾಡಿಸಿದರೆ ಅವನು "ಆಗಲಿ ಅಮ್ಮ" ಎಂದು ನಕ್ಕ. ಇಲ್ಲೂ ದಂಡವಿಲ್ಲ.

ಇವರು ಮೀನು ನೋಡಲಿಲ್ಲ. ಕಡಲಿನ ಕಡೆಗೆ ಮುಖ ಮಾಡಿ ಕುಳಿತರು.

"ಮಾಮ, ದಂಡ ಕಟ್ಟಿ ಬಿಡುವ," ಎಂದಳು ವನಿತಾ. "ಹೊಸ ನಂಬರ್ ತೆಗೊಳ್ತೇನೆ. ಎಂತ ಮಾಡ್ಲಿಕ್ಕಾಗ್ತದೆ."

"ಹೊಸ ನಂಬರ್ ಯಾರಿಗೆ ಗೊತ್ತುಂಟು ಮಾರಾಯ್ತಿ? ಊರಿಗೆ ಹೋದವರು, ಬಂದವರು, ಎಲ್ಲರ ಹತ್ರ ಇರುದು ಅದೇ." ಇವರ ಸ್ವರ ಇಳಿದಿತ್ತು. "ನಾನು ಇಲ್ಲಿ ಇದ್ದದ್ದಕ್ಕೆ ಅದೊಂದೇ ಉಳಿದದ್ದು."

ಅದು ಸುಳ್ಳಲ್ಲ. ರಿಪೇರಿ ಮಾಡಿದ ಎಸಿಗಳೆಲ್ಲ ಗುಜರಿಗೆ ಹೋಗಿರಬಹುದು. ಈ ಮನುಷ್ಯ ಇಲ್ಲಿ ಬಿಟ್ಟು ಹೋದದ್ದು ಒಂದಷ್ಟು ಅಂಕೆಗಳನ್ನು ಮಾತ್ರ. ನನಗೆ ಆ ಮರಿಯಂಳ ಕಂಪ್ಯೂಟರ್ ಮೇಲೆ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಬುದ್ಧಿ ಸ್ವಲ್ಪ ಚುರುಕಾಗುತ್ತದೆ.

ಮಾಲ್, ಎರಡನೆಯ ದಿನ

ಮರುದಿನ ಮತ್ತೆ ಟೋಕನ್, ಮತ್ತೆ ಕಂಬದ ಹಿಂದಿನ ಮೇಜು. ಇವರು ದಂಡ ಕಟ್ಟುವ ಲೆಕ್ಕದಲ್ಲಿ ಬಂದಿದ್ದರು. ಆದರೂ ಕೊನೆಯ ಸಲ ಎಂದು ತಂಗಿಯ ಮಗಳ ಹಾಡು ಹಾಡಿದರು. ಮರಿಯಂ ಅದೇ ಮರ್ಯಾದೆಯಿಂದ ಅದೇ ಉತ್ತರ ಕೊಟ್ಟಳು.

ನಾನು ಕುರ್ಚಿ ಮುಂದೆ ಎಳೆದುಕೊಂಡೆ. ಧಾರಾವಾಹಿಯ ಹಿಂದಿಯಲ್ಲೇ ಕೇಳಿದೆ. "ಸಿಸ್ಟಮ್‌ನಲ್ಲಿ ಯಾರು ಇಲ್ಲ ಎಂದು ನಿನ್ನೆಯಿಂದ ಹೇಳುತ್ತಿದ್ದೀ ತಾಯಿ. ಇರುವವರು ಯಾರು, ಅದನ್ನು ಹೇಳು."

ಮರಿಯಂ ಓದಿದಳು. "ತಂದೆ. ತಾಯಿ. ಮಗ. ಮಗಳು. ಹೆಂಡತಿ."

ನಾನು ಇವರನ್ನು ನೋಡಿದೆ. ಇವರು ವಕೀಲರ ಪತ್ರವನ್ನು ನೋಡುತ್ತಿದ್ದರು. ಇಷ್ಟು ತಿಂಗಳು ಫೋನ್, ಪತ್ರ, ವಿಮಾನ, ಅಷ್ಟಾದರೂ ಇವರ ತಲೆಗೆ ಹೊಳೆಯದ ಸಂಬಂಧ ಒಂದಿತ್ತು. ಸೊತ್ತು ಎಂದ ಕೂಡಲೇ ಇವರ ಕಣ್ಣು ತಂಗಿಯ ಮನೆಯ ಕಡೆಗೇ ಹೋಗುತ್ತದೆ, ನಡುವೆ ಕುಳಿತ ನಾನು ಅಡ್ಡ ಬರುವುದಿಲ್ಲ.

"ಹೆಂಡತಿ ನಾನು," ಎಂದೆ.

ಮರಿಯಂ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದಳು. ಪಾಸ್‌ಪೋರ್ಟ್ ಕೇಳಿದಳು. ಅದರಲ್ಲಿ ಇವರ ಹೆಸರಿತ್ತು. ಹೆಂಡತಿಯ ಹೆಸರಿಗೆ ಬದಲಿಸಲು ದಂಡವಿಲ್ಲ, ನಂಬರ್ ಹಾಗೆಯೇ ಉಳಿಯುತ್ತದೆ ಎಂದಳು. ಸ್ವಲ್ಪ ಹೊತ್ತು ಕೀಲಿ ಒತ್ತಿ ಹುಬ್ಬು ಗಂಟಿಕ್ಕಿದಳು.

"ನೀವು ಪ್ರವಾಸಿ. ಪ್ರವಾಸಿಗಳಿಗೆ ಒಪ್ಪಂದದ ಕನೆಕ್ಷನ್ ಕೊಡುವುದಿಲ್ಲ. ರೀಚಾರ್ಜ್ ಮಾಡುವುದು ಮಾತ್ರ."

"ಹಾಗಾದರೆ ಆ ಎರಡು ವರ್ಷದ ಒಪ್ಪಂದ?"

ಅವಳು ಇನ್ನೊಮ್ಮೆ ನೋಡಿದಳು. "ಸಿಸ್ಟಮ್ ಅದನ್ನು ತೆಗೆದುಹಾಕಿದೆ."

"ದಂಡ?"

"ಕಾಣುವುದಿಲ್ಲ," ಎಂದಳು ಮರಿಯಂ. ಅವಳಿಗೇ ನಂಬಿಕೆ ಇರಲಿಲ್ಲ. ಪಕ್ಕದ ಮೇಜಿನವಳನ್ನು ಕರೆದು ತೋರಿಸಿದಳು. ಅವಳಿಗೂ ಕಾಣಲಿಲ್ಲ. ರೀಚಾರ್ಜ್ ಕನೆಕ್ಷನ್ನನ್ನು ಯಾರಿಂದ ಯಾರಿಗೆ ಬೇಕಾದರೂ ಕೊಡಬಹುದಂತೆ, ಸಂಬಂಧ ಕೇಳುವುದಿಲ್ಲವಂತೆ. ಆದರೆ ಹೊಸದಾಗಿ ಹೆಸರಿಗೆ ಬಂದದ್ದು ಒಂದು ದಿನ ಹಾಗೆಯೇ ಇರಬೇಕು. ನಾಳೆ ಬಂದರೆ ವನಿತಾಳಿಗೆ ವರ್ಗಾಯಿಸುತ್ತೇನೆ ಎಂದಳು.

ಮಾವನಿಂದ ಸೊಸೆಗೆ ಹೋಗಲಾರದ್ದು ಮಾಮಿಯಿಂದ ಹೋಗಬಹುದು. ಕಾರ್ಕಳದ ವಕೀಲರಿಗೆ ಇದನ್ನು ವಿವರಿಸಲು ಇವರಿಗೆ ಈಗಲೂ ಆಗಿಲ್ಲ.

ರೂವಿ, ನನ್ನ ದಿನ

ಆ ಮಧ್ಯಾಹ್ನದಿಂದ ನಂಬರ್ ನನ್ನದಾಯಿತು. ಪಡಿತರ ಚೀಟಿಯಲ್ಲಿ ನನ್ನ ಹೆಸರುಂಟು, ಸಮಾಜದ ಮಹಿಳಾ ಬಳಗದ ಪಟ್ಟಿಯಲ್ಲೂ ಉಂಟು. ನನ್ನೊಬ್ಬಳ ಹೆಸರಿಗೇ ಒಂದು ಬಂದದ್ದು ಇದೇ ಮೊದಲು. ವನಿತಾ ಅಡುಗೆಯಲ್ಲಿದ್ದಾಗ ಫೋನ್ ಹೊಡೆದುಕೊಂಡಿತು. ಇವರು ಅಭ್ಯಾಸದಿಂದ ಕೈ ಚಾಚಿದರು. ನಾನು ತೆಗೆದೆ.

"ಸದಾನಂದಣ್ಣನ ಹೂವಾ?" ಹೆಂಗಸಿನ ಸ್ವರ. ಕಲ್ಯಾಣಪುರದವರಂತೆ, ಮಗಳ ಸೀಮಂತಕ್ಕೆ ಹೂವು ಬೇಕಂತೆ. "ಕಳೆದ ಸಲದ ಹಾಗೇ ಒತ್ತಾಗಿ ಕಟ್ಟಿದ್ದು ಬೇಕು. ನೀವು ಯಾರು, ವನಿತಾ ಅಲ್ವಲ್ಲ?"

"ನಾನು ಕಟ್ಟುವವಳು."

"ಎಂತದ್ದು?"

"ಹೂವು ಕಟ್ಟುದು ನಾನು. ಸುಮತಿ, ಸದಾನಂದಣ್ಣನ ಹೆಂಡತಿ."

"ಹಾಗಾದ್ರೆ ಇಷ್ಟು ವರ್ಷ ಸದಾನಂದಣ್ಣ ಎಂತ ಮಾಡ್ತಿದ್ದದ್ದು?"

"ಫೋನ್ ತೆಗೀತಿದ್ರು," ಎಂದೆ.

ಹೆಂಗಸು ಬಹಳ ನಕ್ಕಳು. ನನಗೆ ನಗು ಬರಲಿಲ್ಲ. ಇಲ್ಲಿಯ ಎಷ್ಟೋ ಮದುಮಕ್ಕಳ ಜಡೆಯಲ್ಲಿ ನನ್ನ ಬೆರಳುಗಳು ಹೋಗಿ ಬಂದಿವೆ, ಒಬ್ಬರಿಗೂ ನನ್ನ ಹೆಸರು ಗೊತ್ತಿಲ್ಲ. ಅದು ನನಗೆ ನೋವಾಯಿತು. ಆ ದಿನ ಬಂದ ಫೋನುಗಳನ್ನೆಲ್ಲ ನಾನೇ ತೆಗೆದೆ, ಪ್ರತಿಯೊಬ್ಬರಿಗೂ ಹೆಸರು ಹೇಳಿದೆ.

ಸಂಜೆ ಇವರು ಪಾಸ್‌ಪೋರ್ಟುಗಳನ್ನು ಜೋಡಿಸಿಡುತ್ತ, "ನಾಳೆ ಬೇಗ ಹೋಗಿ ವನಿತಾಳ ಹೆಸರಿಗೆ ಮಾಡಿಸಿ ಬಿಡುವ," ಎಂದರು.

"ಕೊಡ್ತೇನೆ ಅಂತ ನಾನು ಹೇಳಿದೆನಾ?"

ವನಿತಾ ಕೈಯಲ್ಲಿದ್ದ ಸೌಟು ಹಾಗೆಯೇ ಹಿಡಿದು ನಿಂತಳು. ಇವರು ನನ್ನ ಮುಖ ನೋಡಿದರು. "ಎಂತ ತಮಾಷೆ ಮಾರಾಯ್ತಿ ಇದು?"

"ತಮಾಷೆ ಅಲ್ಲ. ಕೊಡ್ತೇನೆ, ಷರತ್ತು ಉಂಟು. ಫೋನ್ ತೆಗೆದ ಕೂಡ್ಲೆ ಇದು ಶಂಕರಪುರದ ಸುಮತಿಯ ಹೂವು ಅಂತ ಹೇಳ್ಬೇಕು. ಎಷ್ಟು ಹೂವು ಬೇಕು ಅಂತ ನನಗೇ ಹೇಳ್ಬೇಕು, ಇವರ ಹತ್ರ ಹೇಳಿ ಕಳಿಸುದಲ್ಲ."

ಇವರು ವಾದಿಸದೆ ಪಾಸ್‌ಪೋರ್ಟುಗಳನ್ನು ಚೀಲಕ್ಕೆ ಹಾಕಿದರು. ಕಂಬದ ಹಿಂದಿನ ಮೇಜಿನಲ್ಲಿ ಎರಡು ದಿನ ಕುಳಿತು ಷರತ್ತು ಕೇಳುವುದು ಇವರಿಗೂ ಅಭ್ಯಾಸವಾಗಿರಬೇಕು.

ವನಿತಾ ಸೌಟು ಇಟ್ಟು ನನ್ನ ಹತ್ತಿರ ಬಂದು ಕುಳಿತಳು. "ನಾನು ಯಾವಾಗ್ಲೋ ಹಾಗೆ ಹೇಳ್ಬೇಕಿತ್ತು ಮಾಮಿ. ತಲೆಗೇ ಹೋಗ್ಲಿಲ್ಲ." ಆಮೇಲೆ ಮೆಲ್ಲ ಕೇಳಿದಳು, "ನಡುವೆ ಬಿಡುವುದಾದ್ರೆ ದಂಡ ಉಂಟಾ?"

"ಇಲ್ಲ," ಎಂದೆ. "ಬಟ್ಟಲು ಅಲ್ಲಾಡಿಸಿದ್ರೆ ಸಾಕು."

ಮರುದಿನ ಮರಿಯಂ ಸಹಿ ಹಾಕಿಸಿಕೊಂಡು, ವನಿತಾಳಿಗೆ ನಂಬರ್ ಕೊಟ್ಟು, ನನ್ನ ಕಡೆಗೆ ತಿರುಗಿ, ಹೊಸ ಗ್ರಾಹಕಿಯಾಗಿ ನಮ್ಮನ್ನು ಇಷ್ಟು ಬೇಗ ಬಿಡಲು ಕಾರಣವೇನು ಎಂದು ಕೇಳಿದಳು. ಅದನ್ನೂ ಸಿಸ್ಟಮ್ ಕೇಳಿಸುತ್ತದಂತೆ. ನಾನು ಚೀಲದಲ್ಲಿ ಉಳಿದಿದ್ದ, ಬಾಡಿದ್ದರೂ ಪರಿಮಳ ಬಿಡದ ಒಂದು ತುಂಡು ಮಲ್ಲಿಗೆಯನ್ನು ಅವಳ ಮೇಜಿನ ಮೇಲಿಟ್ಟು ಎದ್ದೆ.

ಶಂಕರಪುರ, ಬಂದ ಮೇಲೆ

ಬಂದ ಮರುದಿನ ಕಟ್ಟೆಗೆ ಹೂವು ಕೊಟ್ಟು ಬಂದೆ. ಒಂದು ವಾರ ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ, ಮಸ್ಕತ್ ಹೇಗುಂಟು ಎಂದು ಎಲ್ಲರೂ ಕೇಳಿದರು. ಮನೆಗೆ ಬಂದು, ಜಗಲಿಯಲ್ಲಿ ಕುಳಿತು, ಇವರು ಮಾಡಿದ ಚಾ ಕುಡಿದೆ. ಇವರು ಚಾ ಮಾಡಿದ್ದು ಹೊಸತು. ಯಾಕೆ ಎಂದು ನಾನು ಕೇಳಲಿಲ್ಲ. ನಂತರ ಆ ನಂಬರಿಗೆ ಫೋನ್ ಮಾಡಿದೆ.

ವನಿತಾ ಯಾವುದೋ ಗಡಿಬಿಡಿಯಲ್ಲಿದ್ದಳು. ಯಾರ ಕರೆ ಎಂದು ನೋಡದೆ ತೆಗೆದಳು.

"ಶಂಕರಪುರದ ಸುಮತಿ ಮಾಮಿಯ ಹೂವು, ಹೇಳಿ."

ಇನ್ನೊಮ್ಮೆ ಕೇಳಬೇಕೆಂದು ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ.

"ಹಲೋ? ಯಾರು?"

"ಒಂದು ಅಟ್ಟೆ ಹೂವು ಬೇಕಿತ್ತು," ಎಂದೆ.

"ಅಯ್ಯೋ ಮಾಮಿ," ಎಂದಳು ಅವಳು ನಗುತ್ತ. "ಅದನ್ನು ನೀವೇ ಕಟ್ಟಿ ಕಳಿಸ್ಬೇಕಷ್ಟೆ."

"ಹೊರದೇಶದ ಕಾಲ್ ಮಾರಾಯ್ತಿ, ಸಾಕು, ಇಡು," ಎಂದರು ಇವರು ಒಳಗಿನಿಂದ.

ನಾನು ಫೋನ್ ಇಡಲಿಲ್ಲ. ಚಾದ ಖಾಲಿ ಲೋಟವನ್ನು ಬಾಗಿಲಿನ ಕಡೆಗೆ ಹಿಡಿದೆ, ಅಲ್ಲಾಡಿಸದೆ. ಇವರು ಬಾಗಿಲಿಗೆ ಬಂದು ನೋಡಿ, ಒಳಗೆ ಹೋಗಿ, ಪಾತ್ರೆ ತಂದು ಮತ್ತೆ ಹೊಯ್ದರು.